ಡ್ಯಾಕ್ ಜೋಡಿಸುವುದು ಹೇಗೆ, ಗುಂಯ್ ಸದ್ದಿನ ಮೂಲ ಹುಡುಕುವುದು ಹೇಗೆ

ನಮ್ಮ ಹಾಲಿನಲ್ಲಿ ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಜೊತೆಗೆ ಎರಡು ದೊಡ್ಡ ಮರದ ಸ್ಪೀಕರ್. ಕ್ಯಾಸೆಟ್ ಡೆಕ್ ಕೆಟ್ಟ ಮೇಲೆ ಅವು ಬಹಳ ವರ್ಷ ಸುಮ್ನೆ ಕೂತಿದ್ದವು. ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನು ಅದರಲ್ಲೇ ಕೇಳೋಣ ಎಂದು ಒಂದು ಪುಟ್ಟ ಡ್ಯಾಕ್ (ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಕಂಪ್ಯೂಟರಿನ ಹಾಡನ್ನು ಆಂಪ್ಲಿಫೈಯರಿಗೆ ಹೊಂದುವಂತೆ ಬದಲಾಯಿಸುವ ಡಬ್ಬಿ) ತಂದೆ. ಜೋಡಿಸಿದ ಮೊದಲ ಸಂಜೆಯೇ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು. ಡ್ಯಾಕ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ದೆ. ಅಲ್ಲಿ ಚೆನ್ನಾಗಿ ಹಾಡಿತು. ಮನೆಗೆ ತಂದರೆ ಮತ್ತೆ ಗುಂಯ್. ಕೇಬಲ್ ಬದಲಾಯಿಸಿದೆ, ಹೋಗಲಿಲ್ಲ. ಮೂರನೇ ದಿನ ತಪ್ಪು ಸಿಕ್ಕಿತು. ಅದು ಡ್ಯಾಕಿನಲ್ಲೂ ಇರಲಿಲ್ಲ, ಆಂಪಿನಲ್ಲೂ ಇರಲಿಲ್ಲ.

ಆಗ ನನಗೆ ಅರ್ಥವಾದದ್ದು ಇಷ್ಟು. ಸದ್ದು ಒಂದು ದಾರಿ ಹಿಡಿದು ಬರುತ್ತದೆ. ಕಂಪ್ಯೂಟರಿನಿಂದ ಯುಎಸ್‌ಬಿ ಕೇಬಲ್, ಅಲ್ಲಿಂದ ಡ್ಯಾಕ್, ಕೆಂಪು ಬಿಳಿ ಪಿನ್ನಿನ ಆರ್‌ಸಿಎ ಕೇಬಲ್, ಆಂಪ್, ಸ್ಪೀಕರ್ ವೈರ್, ಕೊನೆಗೆ ಸ್ಪೀಕರ್. ತೊಂದರೆ ಈ ದಾರಿಯ ಯಾವುದೋ ಒಂದು ಕಡೆ ಇರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾಕೆ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ನಾನು ಮಾಡಿದ ತಪ್ಪು ಅದೇ.

ಡ್ಯಾಕ್ ಮಾಡುವ ಕೆಲಸ

ಸಿಡಿಯಲ್ಲಿ ಇರುವುದು ಬರೀ ಅಂಕಿಗಳು. ಒಂದು ಸೆಕೆಂಡಿನ ಹಾಡಿಗೆ ಎಡಕ್ಕೆ 44,100, ಬಲಕ್ಕೆ 44,100 ಅಂಕಿ. ಪ್ರತಿ ಅಂಕಿಯೂ 65,536 ಮಟ್ಟಗಳಲ್ಲಿ ಒಂದು. ಇದನ್ನೇ 16 ಬಿಟ್, 44.1 ಕಿಲೋಹರ್ಟ್ಜ್ ಎನ್ನುತ್ತಾರೆ. ಈ ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿ ಬದಲಾಯಿಸುವುದು ಡ್ಯಾಕ್. ಆ ವೋಲ್ಟೇಜನ್ನು ಆಂಪ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ನಿಮ್ಮ ಲ್ಯಾಪ್‌ಟಾಪ್, ಟಿವಿ, ಬ್ಲೂಟೂತ್ ಸ್ಪೀಕರ್ ಎಲ್ಲದರೊಳಗೂ ಒಂದು ಡ್ಯಾಕ್ ಇದ್ದೇ ಇದೆ. ಹಾಗಾದರೆ ಬೇರೆಯದು ಯಾಕೆ? ಮೂರು ಸಂದರ್ಭದಲ್ಲಿ ಬೇಕಾಗುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಚಿರ್ ಚಿರ್ ಸದ್ದು ಇದ್ದಾಗ. ಟಿವಿಯಲ್ಲಿ ಹಳೆಯ ಆಂಪಿಗೆ ಹೊಂದುವ ಔಟ್‌ಪುಟ್ ಇಲ್ಲದಿದ್ದಾಗ. ಫೋನಿನಲ್ಲಿ ಹೆಡ್‌ಫೋನ್ ತೂತೇ ಇಲ್ಲದಿದ್ದಾಗ. ಇವು ಯಾವುವೂ ಇಲ್ಲ, ಈಗಿನ ಸದ್ದು ಸ್ವಚ್ಛವಾಗಿಯೇ ಇದೆ ಎಂದಾದರೆ ಡ್ಯಾಕ್ ಕೊಳ್ಳಬೇಡಿ. ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ. ಕಿವಿಗೆ ತಿಳಿಯುವ ವ್ಯತ್ಯಾಸ ಅಲ್ಲಿ ತುಂಬಾ ಜಾಸ್ತಿ.

ಮೊದಲು ಆಂಪಿನ ಬೆನ್ನು ನೋಡಿ

ಎಲ್ಲದರ ಸ್ವಿಚ್ ಆರಿಸಿ. ಟಾರ್ಚ್ ಹಿಡಿದು ಆಂಪಿನ ಹಿಂಭಾಗ ನೋಡಿ. ಕೆಂಪು, ಬಿಳಿ ಆರ್‌ಸಿಎ ಸಾಕೆಟ್‌ಗಳ ಸಾಲು ಇರುತ್ತದೆ. ಸಿಡಿ, ಆಕ್ಸ್, ಟ್ಯೂನರ್, ಲೈನ್ ಇನ್ ಎಂದು ಬರೆದ ಯಾವುದಕ್ಕಾದರೂ ಡ್ಯಾಕ್ ಹಾಕಬಹುದು. ಎಲ್ಲವೂ ಒಂದೇ.

ಫೋನೋ ಎಂದು ಬರೆದದ್ದಕ್ಕೆ ಮಾತ್ರ ಹಾಕಲೇಬೇಡಿ. ಅದು ಗ್ರಾಮಫೋನ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್‌ಗೆ ಮೀಸಲು. ಅದರ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಹಾಗಾಗಿ ಆ ಸಾಕೆಟ್ ಬಂದದ್ದನ್ನು ಸುಮಾರು 100 ಪಟ್ಟು ಹಿಗ್ಗಿಸುತ್ತದೆ, ಬೇಸ್ ಅನ್ನು ಇನ್ನೂ ಏರಿಸುತ್ತದೆ. ಡ್ಯಾಕ್ ಕೊಡುವುದು ಸಾಮಾನ್ಯವಾಗಿ 2 ವೋಲ್ಟ್. ಅಲ್ಲಿಗೆ ಹಾಕಿದರೆ ಹಾಡು ಒಡೆದು ಗೊರಗೊರ ಎನ್ನುತ್ತದೆ, ಸ್ಪೀಕರಿಗೂ ಪೆಟ್ಟು. ಟೇಪ್ ಎನ್ನುವ ಕಡೆ ಎರಡು ಜೋಡಿ ಇರುತ್ತವೆ. ಪ್ಲೇ ಎನ್ನುವುದು ಒಳಗೆ ಬರುವ ಬಾಗಿಲು, ರೆಕ್ ಎನ್ನುವುದು ಹೊರಗೆ ಹೋಗುವ ಬಾಗಿಲು. ಡ್ಯಾಕನ್ನು ಪ್ಲೇಗೆ ಹಾಕಿ.

ಅಡಾಪ್ಟರ್ ವಿಷಯದಲ್ಲಿ ಆತುರ ಬೇಡ

ಚಿಕ್ಕ ಡ್ಯಾಕ್‌ಗಳು ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತವೆ. ಉಳಿದವಕ್ಕೆ ಅಡಾಪ್ಟರ್ ಬೇಕು. ವೈಫೈ ರೌಟರಿನ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಡ್ಯಾಕಿನ ಅಡಾಪ್ಟರ್, ಮೂರರ ಪಿನ್ನೂ ನೋಡಲು ಒಂದೇ ಥರ ಇರಬಹುದು. ಒಳಗೆ ಹೋಗಿ ಕೂರಲೂಬಹುದು. ಆದರೆ ಒಂದು 5 ವೋಲ್ಟ್, ಇನ್ನೊಂದು 12 ವೋಲ್ಟ್. ನಮ್ಮಕ್ಕನ ಮನೆಯಲ್ಲಿ ಹೀಗೆ ಅದಲುಬದಲಾಗಿ ಹೊಸ ಡ್ಯಾಕ್ ಒಂದೇ ಕ್ಷಣದಲ್ಲಿ ಸತ್ತುಹೋಯಿತು.

ನಾಲ್ಕು ವಿಷಯ ಹೊಂದಬೇಕು. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಡಿಸಿಯೋ ಎಸಿಯೋ ನೋಡಬೇಕು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂದು ಪುಟ್ಟ ಚಿತ್ರ ಇರುತ್ತದೆ, ಅದು ಎರಡರಲ್ಲೂ ಒಂದೇ ಆಗಿರಬೇಕು. ಆಂಪಿಯರ್ ಮಾತ್ರ ಡ್ಯಾಕ್ ಕೇಳುವುದಕ್ಕಿಂತ ಹೆಚ್ಚಿದ್ದರೂ ಪರವಾಗಿಲ್ಲ, ಕಡಿಮೆ ಇರಬಾರದು. ಇವತ್ತೇ ಪ್ರತಿ ಅಡಾಪ್ಟರಿಗೂ ಬಿಳಿ ಟೇಪ್ ಸುತ್ತಿ ಯಾವುದರದ್ದು ಎಂದು ಬರೆದುಬಿಡಿ.

ಸ್ವಿಚ್ ಹಾಕುವುದಕ್ಕೂ ಕ್ರಮ ಇದೆ. ಆಂಪಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಮೊದಲು ಕಂಪ್ಯೂಟರ್, ಆಮೇಲೆ ಡ್ಯಾಕ್, ಕೊನೆಗೆ ಆಂಪ್. ಆರಿಸುವಾಗ ತಿರುಗುಮುರುಗು, ಆಂಪ್ ಮೊದಲು. ಡ್ಯಾಕ್ ಆನ್ ಆಗುವಾಗ ಢಬ್ ಎನ್ನುವುದುಂಟು. ಆಂಪ್ ಆರಿದ್ದರೆ ಆ ಢಬ್ ಸ್ಪೀಕರಿಗೆ ತಲುಪುವುದಿಲ್ಲ.

ಕಂಪ್ಯೂಟರಿಗೆ ಜೋಡಿಸುವಾಗ

ಯುಎಸ್‌ಬಿ ಕೇಬಲನ್ನು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಹಾಕಿ, ಹಬ್ ಬೇಡ. ಮ್ಯಾಕ್, ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಬೇರೇನೂ ಹಾಕಬೇಕಿಲ್ಲ. ವಿಂಡೋಸ್ 10ಕ್ಕೆ 2017ರ ಅಪ್‌ಡೇಟ್‌ನಿಂದ ಈಚೆಗೆ ಬೇಕಾದ ಡ್ರೈವರ್ (ಡ್ಯಾಕ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ) ಒಳಗೇ ಇದೆ. ಅದಕ್ಕಿಂತ ಹಳೆಯ ವಿಂಡೋಸ್ ಆದರೆ ಡ್ಯಾಕ್ ತಯಾರಿಸಿದವರ ಡ್ರೈವರ್ ಬೇಕಾಗಬಹುದು.

ವಿಂಡೋಸ್‌ನಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಡ್ಯಾಕಿನ ಹೆಸರು ಆರಿಸಿ. ಆಮೇಲೆ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಡ್ಯಾಕಿನ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಡಿಫಾಲ್ಟ್ ಫಾರ್ಮ್ಯಾಟ್ ಇರುತ್ತದೆ. ಹಾಡು ಕೇಳುವುದೇ ಜಾಸ್ತಿ ಎಂದಾದರೆ 24 ಬಿಟ್, 44,100 ಇಡಿ. ಸಿನಿಮಾ ನೋಡುವುದು ಜಾಸ್ತಿ ಎಂದಾದರೆ 48,000, ಯಾಕೆಂದರೆ ವಿಡಿಯೋ ಲೋಕದ ಲೆಕ್ಕ ಅದು. ದೊಡ್ಡ ಅಂಕಿ ಕಂಡು 192,000 ಇಡಬೇಡಿ. ವಿಂಡೋಸ್ ಎಲ್ಲ ಹಾಡನ್ನೂ ಆ ಲೆಕ್ಕಕ್ಕೆ ಹಿಗ್ಗಿಸುತ್ತದೆ ಅಷ್ಟೇ, ಇಲ್ಲದ ವಿವರ ಬರುವುದಿಲ್ಲ. ಆಡಿಯೋ ಎನ್‌ಹಾನ್ಸ್‌ಮೆಂಟ್ ಎನ್ನುವುದು ಆನ್ ಇದ್ದರೆ ಆಫ್ ಮಾಡಿ. ಹಾಡಿನ ಅಂಕಿಗಳು ಯಾವ ಬದಲಾವಣೆಯೂ ಇಲ್ಲದೆ ಡ್ಯಾಕಿಗೆ ತಲುಪಬೇಕು ಎನ್ನುವವರು ಫೂಬಾರ್2000 ಥರದ ಪ್ಲೇಯರ್ ಹಾಕಿಕೊಂಡು, ಅದರಲ್ಲಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಿಕೊಳ್ಳಬಹುದು. ಮ್ಯಾಕ್‌ನಲ್ಲಿ ಇದೇ ಲೆಕ್ಕ ಬದಲಾಯಿಸಲು ಆಡಿಯೋ ಮಿಡಿ ಸೆಟಪ್ ಎನ್ನುವ ಆಪ್ ಇದೆ.

ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಇಟ್ಟು, ಸದ್ದನ್ನು ಆಂಪಿನ ಗುಂಡಿಯಲ್ಲೇ ಏರಿಸಿ ಇಳಿಸಿ. ಒಂದು ಎಚ್ಚರಿಕೆ. ಡ್ಯಾಕನ್ನು ವಾಲ್ಯೂಮ್ ಗುಂಡಿಯೇ ಇಲ್ಲದ ಪವರ್ಡ್ ಸ್ಪೀಕರಿಗೆ (ಒಳಗೇ ಆಂಪ್ ಇರುವ ಸ್ಪೀಕರ್) ನೇರವಾಗಿ ಹಾಕಿದ್ದರೆ ಪೂರ್ತಿ ಇಡಬೇಡಿ. ಕಂಪ್ಯೂಟರಿನಲ್ಲಿ ನೂರಕ್ಕೆ ಹತ್ತರಷ್ಟು ಇಟ್ಟು ಶುರು ಮಾಡಿ. ಮೆಸೇಜ್ ಬಂದಾಗ ಟಿಂಗ್ ಎನ್ನುವ ಸದ್ದನ್ನೂ ನಿಲ್ಲಿಸಿಬಿಡಿ. ಆಲಾಪನೆಯ ನಡುವೆ ಅದು ಎದೆಗೇ ಬಡಿಯುತ್ತದೆ.

ಫೋನಿನಿಂದ

ಆಂಡ್ರಾಯ್ಡ್ ಫೋನಿಗೆ ಓಟಿಜಿ ಕೇಬಲ್ (ಫೋನಿಗೆ ಬೇರೆ ಯುಎಸ್‌ಬಿ ಯಂತ್ರ ಜೋಡಿಸುವ ಕೇಬಲ್) ಬೇಕು. ಕೆಲವು ಫೋನ್‌ಗಳಲ್ಲಿ ಓಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು, ಇಲ್ಲದಿದ್ದರೆ ಡ್ಯಾಕ್ ಕಾಣುವುದೇ ಇಲ್ಲ. ಐಫೋನ್ 15ರಿಂದ ಈಚೆಗೆ ಟೈಪ್ ಸಿ ಇದೆ. ಅದಕ್ಕೂ ಹಿಂದಿನದಕ್ಕೆ ಯುಎಸ್‌ಬಿ ಕ್ಯಾಮೆರಾ ಅಡಾಪ್ಟರ್ ಬೇಕು. ಡ್ಯಾಕಿಗೆ ಬೇರೆ ಅಡಾಪ್ಟರ್ ಇಲ್ಲದಿದ್ದರೆ ಅದು ಫೋನಿನ ಬ್ಯಾಟರಿಯನ್ನೇ ತಿನ್ನುತ್ತದೆ ಎನ್ನುವುದು ನೆನಪಿರಲಿ.

ಟಿವಿಯಿಂದ

ಟಿವಿಯ ಹಿಂದೆ ಆಪ್ಟಿಕಲ್ ಎಂದು ಬರೆದ ಚೌಕದ ತೂತು ಇದ್ದರೆ ಅದೇ ಒಳ್ಳೆಯ ದಾರಿ. 1983ರಲ್ಲಿ ತೋಶಿಬಾ ಕಂಪನಿ ತಂದ ಜೋಡಣೆ ಇದು, ಇವತ್ತಿಗೂ ನಡೆಯುತ್ತಿದೆ. ಈ ಕೇಬಲ್‌ನಲ್ಲಿ ಹೋಗುವುದು ಕರೆಂಟಲ್ಲ, ಕೆಂಪು ಬೆಳಕು. ಹೊಸ ಕೇಬಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಹಾಕಲು ಹೋಗಿ ಕೂರುತ್ತಿಲ್ಲ ಎಂದು ಒತ್ತುವವರು ಬಹಳ ಜನ. ತೆಗೆದು ಹಾಕಿ. ಕೇಬಲನ್ನು ಬಟ್ಟೆ ಮಡಚಿದ ಹಾಗೆ ಮಡಚಬೇಡಿ, ಒಳಗಿನ ಎಳೆ ಸೀಳುತ್ತದೆ.

ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎನ್ನುವುದನ್ನು ಹುಡುಕಿ, ಪಿಸಿಎಂ (ಗಂಟು ಕಟ್ಟದ ಬರೀ ಅಂಕಿಗಳು) ಎಂದು ಇಡಿ. ಆಟೋ, ಬಿಟ್‌ಸ್ಟ್ರೀಮ್, ಡಾಲ್ಬಿ ಇವು ಬೇಡ. ಸಾಮಾನ್ಯ ಸ್ಟೀರಿಯೋ ಡ್ಯಾಕಿಗೆ ಡಾಲ್ಬಿಯ ಗಂಟು ಬಿಚ್ಚಲು ಬರುವುದಿಲ್ಲ. ನ್ಯೂಸ್ ಚಾನೆಲ್ ಕೇಳಿಸುತ್ತದೆ, ಸಿನಿಮಾ ಆಪ್ ತೆರೆದ ಕೂಡಲೇ ಸದ್ದು ನಿಲ್ಲುತ್ತದೆ ಎಂದರೆ ಕಾರಣ ಬಹುತೇಕ ಇದೇ. ಟಿವಿಯಲ್ಲಿ ಆಪ್ಟಿಕಲ್ ಇಲ್ಲ, ಎಚ್‌ಡಿಎಂಐ ಆರ್ಕ್ (ಟಿವಿಯ ಸದ್ದನ್ನು ಹೊರಗೂ ಕಳಿಸುವ ಎಚ್‌ಡಿಎಂಐ ತೂತು) ಮಾತ್ರ ಇದೆ ಎಂದಾದರೆ ಆರ್ಕ್ ಎಕ್ಸ್‌ಟ್ರಾಕ್ಟರ್ ಎನ್ನುವ ಚಿಕ್ಕ ಡಬ್ಬಿ ಸಿಗುತ್ತದೆ. ಅದು ಆಪ್ಟಿಕಲ್ ತೂತು ಕೊಡುತ್ತದೆ.

ಸದ್ದೇ ಬರದಿದ್ದರೆ

ದಾರಿಯ ಕೊನೆಯಿಂದ ಹಿಂದಕ್ಕೆ ನಡೆಯಿರಿ. ಹೆಡ್‌ಫೋನ್ ತೂತಿರುವ ಯಾವುದಾದರೂ ಹಳೆಯ ಫೋನನ್ನೋ ರೇಡಿಯೋವನ್ನೋ ತಂದು, ಆಂಪಿನ ಅದೇ ಸಾಕೆಟ್ಟಿಗೆ ಹಾಕಿ ನೋಡಿ. ಹಾಡಿತಾ? ಹಾಗಾದರೆ ಆಂಪ್, ಸ್ಪೀಕರ್ ಸರಿ ಇವೆ, ತೊಂದರೆ ಹಿಂದೆ ಇದೆ. ಹಾಡಲಿಲ್ಲವೆಂದರೆ ಆಂಪಿನ ಮುಂದಿನ ಗುಂಡಿ ಆ ಇನ್‌ಪುಟ್‌ಗೇ ಇದೆಯಾ ನೋಡಿ. ಹಳೆಯ ಆಂಪ್‌ಗಳಲ್ಲಿ ಟೇಪ್ ಮಾನಿಟರ್ ಎನ್ನುವ ಗುಂಡಿ ಒತ್ತಿದ್ದರೆ ಉಳಿದ ಯಾವ ಇನ್‌ಪುಟ್ಟೂ ಕೇಳಿಸುವುದಿಲ್ಲ.

ಡ್ಯಾಕಿನ ಮೇಲೂ ಯುಎಸ್‌ಬಿ, ಆಪ್ಟಿಕಲ್, ಕೋಆಕ್ಸಿಯಲ್ ಎಂದು ಆರಿಸುವ ಗುಂಡಿ ಇರುತ್ತದೆ. ಅದು ಸರಿ ಇದ್ದೂ ಕಂಪ್ಯೂಟರಿಗೆ ಡ್ಯಾಕ್ ಕಾಣುತ್ತಿಲ್ಲ, ಆದರೆ ದೀಪ ಉರಿಯುತ್ತಿದೆ ಎಂದರೆ ಕೇಬಲ್ ಮೇಲೆ ಅನುಮಾನ ಪಡಿ. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ಕರೆಂಟ್ ಹೋಗುತ್ತದೆ, ಹಾಡು ಹೋಗುವುದಿಲ್ಲ. ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಲು ಆಗುವ ಕೇಬಲ್ ಆದರೆ ಅದರಲ್ಲಿ ಡೇಟಾ ಎಳೆ ಇದೆ ಎಂದರ್ಥ.

ಒಂದೇ ಕಡೆ ಕೇಳಿಸುತ್ತಿದ್ದರೆ

ಇದನ್ನು ಎರಡು ನಿಮಿಷದಲ್ಲಿ ಹಿಡಿಯಬಹುದು. ಬಲಗಡೆ ಸದ್ದಿಲ್ಲ ಎಂದುಕೊಳ್ಳಿ. ಆಂಪ್ ಆರಿಸಿ, ಆಂಪಿನ ಕಡೆ ಕೆಂಪು ಬಿಳಿ ಪಿನ್‌ಗಳನ್ನು ಅದಲುಬದಲು ಮಾಡಿ. ಈಗ ಎಡಗಡೆ ಸದ್ದು ಹೋದರೆ ತೊಂದರೆ ಕೇಬಲ್‌ನಲ್ಲೋ ಅದಕ್ಕಿಂತ ಹಿಂದೆಯೋ ಇದೆ. ಬಲಗಡೆಯೇ ಸುಮ್ಮನಿದ್ದರೆ ಆಂಪ್, ಸ್ಪೀಕರ್ ವೈರ್, ಸ್ಪೀಕರ್ ಇವುಗಳಲ್ಲಿ ಒಂದು.

ತೊಂದರೆ ಹಿಂದೆ ಇದೆ ಎಂದು ಗೊತ್ತಾದರೆ ಪಿನ್‌ಗಳನ್ನು ಮೊದಲಿನಂತೆ ಹಾಕಿ, ಈ ಸಲ ಡ್ಯಾಕಿನ ಕಡೆ ಅದಲುಬದಲು ಮಾಡಿ. ಸದ್ದಿಲ್ಲದ ಕಡೆ ಬದಲಾದರೆ ತಪ್ಪು ಡ್ಯಾಕಿನದ್ದು ಅಥವಾ ಅದರ ಹಿಂದಿನದ್ದು. ಬದಲಾಗದಿದ್ದರೆ ಕೇಬಲಿನದ್ದು. ಹೆಚ್ಚಿನ ಸಲ ಕೇಬಲೇ. ಬೇರೊಂದು ಹಾಕಿದರೆ ಮುಗಿಯಿತು.

ಗುಂಯ್ ಎನ್ನುತ್ತಿದ್ದರೆ

ಈಗ ನನ್ನ ಮೂರು ದಿನ ತಿಂದ ವಿಷಯ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಅದು ಹಾಡಿನ ದಾರಿಗೆ ಸೇರಿಕೊಂಡರೆ 50, 100 ಹರ್ಟ್ಜ್‌ನ ಗುಂಯ್ ಆಗಿ ಕೇಳುತ್ತದೆ. ಸಿನಿಮಾ ಹಾಡಿನಲ್ಲಿ ಅದು ಮುಚ್ಚಿಹೋಗಬಹುದು. ಕರ್ನಾಟಕ, ಹಿಂದೂಸ್ತಾನಿ ಕಛೇರಿ ಕೇಳುವವರಿಗೆ ಮಾತ್ರ ತಡೆಯಲು ಆಗುವುದಿಲ್ಲ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಜ್. ಅದರ ಪಕ್ಕದಲ್ಲೇ 100ರ ಗುಂಯ್ ನಿಂತರೆ ತಂಬೂರಿಯೇ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ.

ಹುಡುಕುವ ಕ್ರಮ ಹೀಗೆ. ಆಂಪ್ ಆರಿಸಿ ಡ್ಯಾಕಿನಿಂದ ಬರುವ ಆರ್‌ಸಿಎ ಕೇಬಲ್ ಪೂರ್ತಿ ತೆಗೆಯಿರಿ. ಮತ್ತೆ ಆನ್ ಮಾಡಿ. ಗುಂಯ್ ಹಾಗೇ ಇದೆಯಾ? ಹಾಗಾದರೆ ಅದು ಆಂಪಿನದ್ದೇ ಅಥವಾ ಆಂಪಿಗೆ ಹಾಕಿರುವ ಬೇರೆ ಯಾವುದರದ್ದೋ. ಡ್ಯಾಕನ್ನು ದೂರಬೇಡಿ. ನಿಂತುಹೋಯಿತಾ? ಈಗ ಆರ್‌ಸಿಎ ಹಾಕಿ, ಆದರೆ ಯುಎಸ್‌ಬಿ ಬೇಡ. ಸದ್ದಿಲ್ಲ ಎಂದರೆ ಡ್ಯಾಕ್ ಸರಿ ಇದೆ. ಯುಎಸ್‌ಬಿ ಹಾಕಿದ ಕೂಡಲೇ ಶುರುವಾದರೆ ಅದು ಕಂಪ್ಯೂಟರಿನ ಕಡೆಯಿಂದ ಬರುತ್ತಿದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ನಿಂತರೆ ಅದು ಗ್ರೌಂಡ್ ಲೂಪ್. ನಿಲ್ಲದಿದ್ದರೆ ಲ್ಯಾಪ್‌ಟಾಪಿಗೆ ಹಾಕಿದ ಬೇರೆ ಕೇಬಲ್‌ಗಳನ್ನೂ ಒಂದೊಂದಾಗಿ ತೆಗೆದು ನೋಡಿ.

ಗ್ರೌಂಡ್ ಲೂಪ್ ಎಂದರೆ, ಎರಡು ಯಂತ್ರಗಳು ಎರಡು ಬೇರೆ ದಾರಿಯಲ್ಲಿ ಭೂಮಿಗೆ ಸೇರಿವೆ, ಅವೆರಡನ್ನು ನಿಮ್ಮ ಹಾಡಿನ ಕೇಬಲ್ ಕೂಡಿಸಿ ಒಂದು ಸುತ್ತು ಮಾಡಿದೆ. ಆ ಸುತ್ತಿನಲ್ಲಿ ಸಣ್ಣ ಕರೆಂಟು ಓಡುತ್ತದೆ. ನಮ್ಮನೆಯಲ್ಲಿ ಆ ಎರಡನೇ ದಾರಿ ಯಾವುದು ಗೊತ್ತಾ? ಕೇಬಲ್ ಟಿವಿಯ ಕಪ್ಪು ವೈರು. ಬೀದಿಯಲ್ಲಿ ಬೇರೆಲ್ಲೋ ಭೂಮಿಗೆ ಸೇರಿ, ಕಂಬದಿಂದ ಕಂಬಕ್ಕೆ ಬಂದು, ಸೆಟ್‌ಟಾಪ್ ಬಾಕ್ಸ್ ಮೂಲಕ ಟಿವಿಗೆ, ಟಿವಿಯ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪಿಗೆ ತಲುಪಿತ್ತು. ಆ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ತಿರುಗಿಸಿ ತೆಗೆದೆ. ಗುಂಯ್ ತಟ್ಟನೆ ನಿಂತಿತು. ಆ ನಿಶ್ಶಬ್ದ ನನಗೆ ಈಗಲೂ ನೆನಪಿದೆ.

ಪರಿಹಾರಗಳನ್ನು ಅಗ್ಗದಿಂದ ಶುರು ಮಾಡಿ. ಆಂಪ್, ಡ್ಯಾಕ್, ಕಂಪ್ಯೂಟರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಇದೊಂದರಿಂದಲೇ ಎಷ್ಟೋ ಮನೆಗಳಲ್ಲಿ ಸರಿಹೋಗುತ್ತದೆ. ಆಗಲಿಲ್ಲವೆಂದರೆ, ಆಪ್ಟಿಕಲ್ ಇದ್ದರೆ ಅದಕ್ಕೆ ಬದಲಾಯಿಸಿ. ಬೆಳಕಿನ ಮೂಲಕ ಗ್ರೌಂಡ್ ಕರೆಂಟ್ ಹರಿಯುವುದಿಲ್ಲ. ಅದೂ ಇಲ್ಲದಿದ್ದರೆ ಆರ್‌ಸಿಎ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಬರುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಹುಡುಕಬಹುದು. ತೀರಾ ಅಗ್ಗದ್ದು ಬೇಸ್ ಅನ್ನು ಸ್ವಲ್ಪ ತಿನ್ನುತ್ತದೆ, ಹಾಗಾಗಿ ಅದು ನನ್ನ ಕೊನೆಯ ಆಯ್ಕೆ. ಕೇಬಲ್ ಟಿವಿ ವೈರಿಗೂ ಅಂಥದ್ದೇ ಐಸೊಲೇಟರ್ ಇದೆ. ನಾನು ಹಾಕಿರುವುದು ಅದನ್ನೇ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಇದೆಯಲ್ಲ, ಅದು ಅರ್ಥಿಂಗ್. ಅದನ್ನು ತೆಗೆದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಹೋಗಲೂಬಹುದು. ಆದರೆ ಆಂಪಿನೊಳಗೆ ಏನಾದರೂ ಕೆಟ್ಟ ದಿನ ಅದರ ಲೋಹದ ಮೈಯಲ್ಲೇ 230 ವೋಲ್ಟ್ ಇರುತ್ತದೆ. ಮುಟ್ಟಿದವರ ಜೀವ ಹೋಗುತ್ತದೆ. ಆಂಪ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ಉಪ್ಪು, ಇದ್ದಿಲು ಹಾಕಿದ ಹಳೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ, ಆಗಾಗ ನೀರು ಬೀಳಬೇಕು.

ಕರೆಂಟ್ ಹೋದಾಗ ಮಾತ್ರ ಗುಂಯ್ ಬರುತ್ತದೆ ಎನ್ನುವವರ ಮನೆಯಲ್ಲಿ ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು. ಅದಕ್ಕೆ ಡ್ಯಾಕಿನಲ್ಲಿ ಮದ್ದಿಲ್ಲ. ಮುಂದಿನ ಸಲ ಯುಪಿಎಸ್ ಬದಲಾಯಿಸುವಾಗ ಸೈನ್ ವೇವ್ ಕೇಳಿ.

ಚಟಚಟ, ತುಂಡುತುಂಡು

ಹಾಡು ನಡುನಡುವೆ ಕತ್ತರಿಸುತ್ತಿದ್ದರೆ ಅಂಕಿಗಳು ಹೊತ್ತಿಗೆ ಸರಿಯಾಗಿ ಡ್ಯಾಕಿಗೆ ತಲುಪುತ್ತಿಲ್ಲ. ಬೇರೆ ಯುಎಸ್‌ಬಿ ಪೋರ್ಟ್, ಬೇರೆ ಚಿಕ್ಕ ಕೇಬಲ್ ಹಾಕಿ ನೋಡಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಪ್ಲೇಯರಿನಲ್ಲಿ ಬಫರ್ (ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಹಾಡಿನ ಅಂಕಿಗಳು) ಜಾಸ್ತಿ ಮಾಡಿ. ಆಪ್ಟಿಕಲ್‌ನಲ್ಲಿ ಹೀಗಾದರೆ 192 ಕಿಲೋಹರ್ಟ್ಜ್‌ನಿಂದ 96ಕ್ಕೋ 48ಕ್ಕೋ ಇಳಿಸಿ, ಎಷ್ಟೋ ಆಪ್ಟಿಕಲ್ ಜೋಡಣೆಗಳು 96ರ ಮೇಲೆ ಎಡವುತ್ತವೆ. ಪ್ರತಿ ಹಾಡಿನ ಮೊದಲ ಅರ್ಧ ಸೆಕೆಂಡ್ ಮಾತ್ರ ತಪ್ಪುತ್ತಿದ್ದರೆ ಅದು ದೋಷವಲ್ಲ. ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು ಡ್ಯಾಕ್ ಅಷ್ಟು ಹೊತ್ತು ಬಾಯಿ ಮುಚ್ಚಿಕೊಳ್ಳುತ್ತದೆ.

ಎಲ್ಲ ಸರಿ, ಆದರೂ ಹಾಡಿನಲ್ಲಿ ಜೀವ ಇಲ್ಲ

ಅರವತ್ತರ ದಶಕದ ಒಂದು ಕನ್ನಡ ಸಿನಿಮಾ ಹಾಡು ಹಾಕಿ. ಪಿ.ಬಿ. ಶ್ರೀನಿವಾಸ್ ಅವರದ್ದಾದರೆ ಇನ್ನೂ ಒಳ್ಳೆಯದು. ಆಗಿನ ರೆಕಾರ್ಡಿಂಗ್ ಮೋನೋ, ಎಡ ಬಲ ಎರಡಕ್ಕೂ ಒಂದೇ ಸದ್ದು. ಆಮೇಲೆ ಯಾರೂ ಸ್ಟೀರಿಯೋ ಮಾಡಲು ಹೋಗದ ಮೂಲ ಹಾಡೇ ಆಗಿರಲಿ. ಸ್ಪೀಕರ್‌ಗಳ ನಡುವೆ ಕೂತು ಕಣ್ಣು ಮುಚ್ಚಿ. ಹಾಡುವವರು ಸರಿಯಾಗಿ ನಡುವೆ ನಿಂತಿರಬೇಕು. ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ಕೋಣೆಯೆಲ್ಲ ಹರಡಿ, ಬೇಸ್ ತೆಳುವಾಗಿ ಕೇಳಿದರೆ ಒಂದು ಸ್ಪೀಕರಿನ ಕೆಂಪು ಕಪ್ಪು ವೈರು ತಿರುಗಿ ಕೂತಿದೆ. ಒಂದನ್ನು ನೇರ ಮಾಡಿ, ಮತ್ತೆ ಕೇಳಿ.

ಡ್ಯಾಕಿನಿಂದ ನಿಜವಾಗಿ ಸುಧಾರಿಸಿತಾ ಎಂದು ನೋಡುವಾಗ ಎರಡೂ ಸಲ ಸದ್ದಿನ ಮಟ್ಟ ಒಂದೇ ಇಡಿ. ಲ್ಯಾಪ್‌ಟಾಪಿನ ತೂತು ಕೊಡುವುದಕ್ಕಿಂತ ಡ್ಯಾಕ್ ಕೊಡುವ ವೋಲ್ಟೇಜ್ ಸಾಮಾನ್ಯವಾಗಿ ಜಾಸ್ತಿ. ಸ್ವಲ್ಪ ಜೋರಾಗಿ ಕೇಳಿದ್ದೆಲ್ಲ ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಮಟ್ಟ ಸಮ ಮಾಡಿದ ಮೇಲೆ ವ್ಯತ್ಯಾಸ ಕೇಳದಿದ್ದರೆ ಬೇಜಾರು ಬೇಡ, ನಿಮ್ಮ ಹಳೆಯ ದಾರಿಯೂ ಚೆನ್ನಾಗಿತ್ತು ಎಂದರ್ಥ. ಸ್ಪೀಕರ್‌ಗಳನ್ನು ಗೋಡೆಯಿಂದ ಒಂದಡಿ ಮುಂದೆ ತಂದು, ಕಿವಿಯ ಎತ್ತರಕ್ಕೆ ಏರಿಸಿ, ನೀವು ಕೂರುವ ಜಾಗಕ್ಕೆ ಸಮನಾದ ತ್ರಿಕೋನವಾಗಿ ಇಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕೆಲಸ ಮುಗಿದ ಮೇಲೆ ಆಂಪಿನ ಮತ್ತು ಡ್ಯಾಕಿನ ಬೆನ್ನಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಬ್ಬಕ್ಕೆ ಮನೆ ಒರೆಸುವಾಗ ಎಲ್ಲ ವೈರನ್ನೂ ಬಿಚ್ಚಬೇಕಾಗುತ್ತದೆ.